ಎಂಟನೆಯ ವರಸೆ

ಚುಸೊಕ್ ಹಬ್ಬಕ್ಕೆಂದು ಇಳಿಸಿದ ದೊಡ್ಡ ಪಾತ್ರೆಗಳು ಇನ್ನೂ ಅಟ್ಟ ಸೇರಿರಲಿಲ್ಲ. ಅಷ್ಟರಲ್ಲೇ ಸೊಸೆ ಮಿರಾನ್ ಊಟದ ಮೇಜಿನ ಮುಂದೆ ವಿಷಯ ತೆಗೆದಳು.

"ದಾಸೊಮ್‌ಳನ್ನ ಲೆಕ್ಕದ ಪಾಠಕ್ಕೆ ಸೇರಿಸಿ ಬಂದೆ. ಸೋಮವಾರ, ಬುಧವಾರ, ಶುಕ್ರವಾರ."

"ಆ ಮೂರು ದಿನ ನನಗೆ ಟೇಕ್ವಾಂಡೊ ಇದೆ," ಎಂದಳು ದಾಸೊಮ್. ಹನ್ನೊಂದು ವರ್ಷದ ಹುಡುಗಿ, ಬಾಯಿ ತುಂಬ ಹುಳಿ-ಖಾರದ ಮೂಲಂಗಿ ಕಿಮ್ಚಿ.

"ಇತ್ತು," ಎಂದಳು ಮಿರಾನ್.

ದಾಸೊಮ್‌ಳ ಅಪ್ಪ ಗಿತೆ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿಹೋದ. ಗುನ್ಸಾನ್ ಬಂದರಿನ ಮೀನಿನ ಉಗ್ರಾಣದಲ್ಲಿ ಹದಿನೈದು ವರ್ಷ ದುಡಿದವನಿಗೆ ಒಂದು ಬಂಗುಡೆಯ ಮುಳ್ಳು ಬಿಡಿಸಲು ಅಷ್ಟು ಹೊತ್ತು ಬೇಕಿರಲಿಲ್ಲ. ಆದರೆ ಹೆಂಡತಿ ಮಗಳ ನಡುವೆ ಸಿಕ್ಕಿಕೊಳ್ಳುವುದಕ್ಕಿಂತ ಮುಳ್ಳಿನ ನಡುವೆ ಇರುವುದೇ ಕ್ಷೇಮ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಡಿಸೆಂಬರ್‌ನಲ್ಲಿ ಪರೀಕ್ಷೆ ಅಮ್ಮ. ಎಂಟು ವರಸೆ ಮಾಡಿ ತೋರಿಸ್ಬೇಕು. ಏಳು ಬರುತ್ತೆ. ಎಂಟನೇದೊಂದು ಬಾಕಿ. ಪಾಸಾದ್ರೆ ಕೆಂಪು-ಕಪ್ಪು ಸೊಂಟಪಟ್ಟಿ ಕೊಡ್ತಾರೆ."

"ಭಿನ್ನರಾಶಿ ಕೊಟ್ರೆ ಕಣ್ಣು ಕಣ್ಣು ಬಿಡ್ತೀಯ. ಭಿನ್ನರಾಶಿನ ಒದ್ದು ಬೀಳಿಸಕ್ಕಾಗುತ್ತಾ?"

ದಾಸೊಮ್ ಚಾಪ್‌ಸ್ಟಿಕ್ ಕೆಳಗಿಟ್ಟಳು. ಅವಳ ಕೆಳತುಟಿ ನಡುಗತೊಡಗಿತು. ಆ ತುಟಿ ನಡುಗಿದರೆ ಅವಳ ತಾತ ಮನ್‌ಸೋಕನಿಗೆ ಊಟ ಇಳಿಯುತ್ತಿರಲಿಲ್ಲ. ಎಪ್ಪತ್ಮೂರು ವರ್ಷದ ಈ ನಿವೃತ್ತ ಬಸ್ ಚಾಲಕ ಗಂಟಲು ಸರಿಮಾಡಿಕೊಂಡ.

"ಲೆಕ್ಕಕ್ಕೂ ಹೋಗ್ಲಿ ಬಿಡಮ್ಮ. ಉಳಿದ ದಿನ ಟೇಕ್ವಾಂಡೊ ಶಾಲೆಗೆ ಹೋಗ್ಲಿ. ಎಂಟನೇ ವರಸೆ ನಾನು ಮನೇಲೇ ಕಲಿಸ್ತೀನಿ. ಸೈನ್ಯದಲ್ಲಿ ಮುನ್ನೂರು ಜನರನ್ನ ತಯಾರು ಮಾಡಿದೋನು, ಒಂದು ಮಗುನ ತಯಾರು ಮಾಡಕ್ಕಾಗಲ್ವಾ?"

ಅವನ ಹೆಂಡತಿ ಜೊಮ್‌ರೆ ತಲೆಯೆತ್ತಿ ಗಂಡನನ್ನು ಒಮ್ಮೆ ನೋಡಿದಳು. ಮತ್ತೆ ತಲೆ ತಗ್ಗಿಸಿ ಸಾರು ಕುಡಿದಳು.

ಮಿರಾನ್ ಸ್ವಲ್ಪ ಯೋಚಿಸಿದಳು. "ಸರಿ ಮಾವ. ಡಿಸೆಂಬರ್‌ನಲ್ಲಿ ಪಾಸಾದ್ರೆ ಮುಂದುವರಿಸ್ಲಿ, ನಾನು ಅಡ್ಡ ಬರಲ್ಲ. ಆಗ್ಲಿಲ್ಲ ಅಂದ್ರೆ ಆ ಟೇಕ್ವಾಂಡೊದ ಬಿಳಿ ಬಟ್ಟೆ ಮಡಚಿ ಬೀರುಗೆ ಇಡೋದೇ. ಅಳೋ ಹಾಗಿಲ್ಲ."

"ಅಳಲ್ಲ," ಎಂದು ದಾಸೊಮ್ ಅಳುತ್ತಲೇ ಹೇಳಿದಳು.

ಈಗ ಒಳಗಿನ ಮಾತು. ಮನ್‌ಸೋಕ್ ಸೈನ್ಯದಲ್ಲಿದ್ದದ್ದು ನಿಜ. ಮುನ್ನೂರು ಜನರೂ ನಿಜ. ಆದರೆ ಬೆಳಗಿನ ಚಳಿಯಲ್ಲಿ ಆ ಮುನ್ನೂರು ಜನ ಮೈದಾನದಲ್ಲಿ ಕಾಲೆತ್ತಿ ಒದೆಯುತ್ತಿದ್ದಾಗ ಅವನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ಅವರಿಗೆ ಸಾರು ಕುದಿಸುತ್ತಿದ್ದ. ಮೂರು ವರ್ಷ ಸೌಟು ಬಿಟ್ಟರೆ ಬೇರೆ ಆಯುಧ ಹಿಡಿದವನಲ್ಲ. ಹೆಣ್ಣು ನೋಡಲು ಹೋದ ದಿನ ಜೊಮ್‌ರೆ ಚಹಾದ ಬಟ್ಟಲಿನ ಆಚೆಯಿಂದ "ಸೈನ್ಯದಲ್ಲಿ ಏನು ಮಾಡ್ತಿದ್ರಿ?" ಎಂದು ಕೇಳಿದಾಗ "ಈರುಳ್ಳಿ ಹೆಚ್ಚುತ್ತಿದ್ದೆ" ಎನ್ನಲು ನಾಲಿಗೆ ಏಳಲಿಲ್ಲ. "ಟೇಕ್ವಾಂಡೊ ಕಲಿಸ್ತಿದ್ದೆ" ಎಂದುಬಿಟ್ಟ. ಒಮ್ಮೆ ಹೇಳಿದ ಮೇಲೆ ಅದರಂತೆ ನಡೆದುಕೊಳ್ಳಬೇಕಲ್ಲ. ಅಂದಿನಿಂದ ಇಂದಿನವರೆಗೆ, ನಲವತ್ತೇಳು ವರ್ಷ, ಯೋಧನ ಕೈಗೆ ಅಡುಗೆಮನೆ ಒಗ್ಗುವುದಿಲ್ಲ ಎಂದು ಹೇಳಿಕೊಂಡು ಯಾರ ಕಣ್ಣೆದುರೂ ಒಂದು ಮೊಟ್ಟೆಯನ್ನೂ ಬೇಯಿಸದೆ ಕಾಲ ಹಾಕಿದ್ದ. ಸುಳ್ಳಿನಿಂದ ಇಷ್ಟೊಂದು ಆರಾಮ ಪಡೆದ ಗಂಡಸು ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ.

ಮರುದಿನವೇ ಅವನು ಬಸ್ ಡಿಪೋದ ಹಿಂದಿನ ಹಳೆ ಪುಸ್ತಕದ ಅಂಗಡಿಗೆ ಹೋದ.

"ಟೇಕ್ವಾಂಡೊ ಪುಸ್ತಕ ಇದೆಯಾ? ಚಿತ್ರ ಇರ್ಬೇಕು. ಎಂಟನೇ ವರಸೆ ಇರ್ಬೇಕು."

"ಮೊಮ್ಮಗನಿಗಾ?" ಎಂದ ಅಂಗಡಿಯವನು.

"ಹೂಂ," ಎಂದ ಮನ್‌ಸೋಕ್. ಸುಳ್ಳಿನ ಸಂಸಾರದಲ್ಲಿ ಇನ್ನೊಂದು ಕೂಸು ಹುಟ್ಟಿತು.

ಮೂರು ಸಾವಿರ ವಾನ್‌ಗೆ ಸಿಕ್ಕ ಪುಸ್ತಕದ ರಟ್ಟು ಕಿತ್ತುಹೋಗಿತ್ತು. ಒಳಗೆ ಕಪ್ಪು-ಬಿಳುಪು ಚಿತ್ರಗಳು. ಬಿಳಿ ಉಡುಪಿನ ಮೀಸೆಯವನೊಬ್ಬ ಪುಟದಿಂದ ಪುಟಕ್ಕೆ ಕೈ ಬೀಸುತ್ತ, ಕಾಲು ಎತ್ತುತ್ತ ಓದುಗನ ಮುಖವನ್ನೇ ದುರುಗುಟ್ಟಿ ನೋಡುತ್ತಿದ್ದ. ಪ್ರತಿ ಚಿತ್ರದ ಕೆಳಗೆ ಇರುವೆ ಸಾಲಿನಂಥ ಅಕ್ಷರ. ಅದನ್ನು ಓದಲು ಕನ್ನಡಕ ಬೇಕು. ಮನ್‌ಸೋಕ್ ಕನ್ನಡಕ ಹಾಕಲಿಲ್ಲ. ಮುನ್ನೂರು ಜನರ ಸಾರನ್ನು ಯಾವ ಬರಹವನ್ನೂ ಓದದೆ ಮಾಡಿದವನು, ಚಿತ್ರ ಕಣ್ಣ ಮುಂದೆ ಇರುವಾಗ ಅಕ್ಷರದ ಹಂಗೇಕೆ ಎಂದುಕೊಂಡ.

ಅವರ ಮನೆಯ ಕೆಳಗೆ ಮಿರಾನ್‌ಳ ಕೇಶಾಲಂಕಾರದ ಅಂಗಡಿ, ಮಧ್ಯದಲ್ಲಿ ಸಂಸಾರ, ಮೇಲೆ ತಾರಸಿ. ತಾರಸಿಯ ಮೇಲೆ ಸೋಯಾ ಸಾರ, ಖಾರದ ಹಿಟ್ಟು, ಉಪ್ಪು ತುಂಬಿದ ಕಂದು ಗಡಿಗೆಗಳ ಸಾಲು. ಮಿರಾನ್ ಅಂಗಡಿಗೆ ಇಳಿದು ದಾಸೊಮ್ ಶಾಲೆಗೆ ಹೋದ ಮೇಲೆ ಮನ್‌ಸೋಕ್ ದಿನಾ ಮೇಲೆ ಹತ್ತುತ್ತಿದ್ದ. ಪುಸ್ತಕವನ್ನು ದೊಡ್ಡ ಗಡಿಗೆಗೆ ಒರಗಿಸಿ ಮೀಸೆಯವನ ಎದುರು ನಿಲ್ಲುತ್ತಿದ್ದ. ಮೀಸೆಯವನ ಕೈ ಯಾವ ಕಡೆ ಹೋದರೆ ಇವನ ಕೈಯೂ ಆ ಕಡೆಗೇ. ಎರಡನೆಯ ದಿನ ಸೊಂಟ ಹಿಡಿದುಕೊಂಡಿತು. ನಾಲ್ಕನೆಯ ದಿನ ಹಾರಿ ಒದೆಯುವ ಭಾಗಕ್ಕೆ ಬಂದ. ಎರಡು ಕಾಲೂ ನೆಲ ಬಿಟ್ಟವು, ಹಗ್ಗದ ಮೇಲೆ ಒಣಗಲು ಹಾಕಿದ್ದ ಗಿತೆಯ ಉದ್ದ ಒಳಚಡ್ಡಿ ಕೊರಳಿಗೆ ಸುತ್ತಿಕೊಂಡಿತು, ಅದರ ಸಮೇತ ಧೊಪ್ಪನೆ ಬಿದ್ದ.

ಏನನ್ನೋ ಮರೆತು ಮನೆಗೆ ಬಂದಿದ್ದ ಮಿರಾನ್‌ಳ ದನಿ ಕೆಳಗಿನಿಂದ ಕೇಳಿಸಿತು.

"ಅತ್ತೆ, ಮೇಲೆ ಏನದು ಸದ್ದು?"

"ಬೆಕ್ಕು," ಎಂದಳು ಜೊಮ್‌ರೆ.

"ಅಷ್ಟು ದೊಡ್ಡ ಬೆಕ್ಕಾ?"

"ವಯಸ್ಸಾದ ಬೆಕ್ಕು. ಹಾರಕ್ಕೆ ಹೋಗಿ ಬೀಳುತ್ತೆ."

ಮನ್‌ಸೋಕ್ ಉಸಿರು ಬಿಗಿಹಿಡಿದು ಮಲಗಿದ್ದ. ಬೆಕ್ಕಿನ ದೆಸೆಯಿಂದ ಬಚಾವಾದೆ ಎಂದು ಹಿಗ್ಗಿದ. ಪುಸ್ತಕವನ್ನು ಖಾಲಿ ಗಡಿಗೆಯೊಂದರಲ್ಲಿ ಬಚ್ಚಿಟ್ಟು ಕುಂಟುತ್ತ ಇಳಿದ. ಮರುದಿನ ಮುಚ್ಚಳ ತೆಗೆದರೆ ಪುಸ್ತಕದ ಮೇಲೆ ಅವನ ಕನ್ನಡಕ ಕೂತಿತ್ತು. ನಾನೇ ಮರೆತಿರಬೇಕು ಎಂದುಕೊಂಡ. ಆಗಲೂ ಹಾಕಿಕೊಳ್ಳಲಿಲ್ಲ.

ಹತ್ತು ದಿನಕ್ಕೆ ವರಸೆ ಬಂತು. ಕಾಲು ಸೊಂಟದ ಮೇಲೆ ಏರುತ್ತಿರಲಿಲ್ಲ, ಹಾರುವುದು ಎಂದರೆ ಒಂದು ಬಾಗಿಲ ಹೊಸಿಲು ದಾಟಿದಷ್ಟು. ಆದರೂ ಕ್ರಮ ತಪ್ಪುತ್ತಿರಲಿಲ್ಲ. ಲೆಕ್ಕದ ಪಾಠವಿದ್ದ ದಿನಗಳಲ್ಲಿ, ಪಾಠ ಮುಗಿಸಿ ಬಂದ ದಾಸೊಮ್‌ಳನ್ನು ಊಟಕ್ಕೆ ಮುಂಚೆ ತಾರಸಿಗೆ ಕರೆದೊಯ್ಯತೊಡಗಿದ. ತಾತ ಗಡಿಗೆಗಳ ಕಡೆ ಬೆನ್ನು ಮಾಡಿ ನಿಂತ. ಮೊಮ್ಮಗಳು ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ನಾನು ಮಾಡಿದ ಹಾಗೆ ಮಾಡು. ಈ ಕಡೆ ತಡೆ, ಈ ಕಡೆ ಗುದ್ದು. ಈಗ ಹಾರು. ನನ್ನಷ್ಟೇ ಹಾರ್ಬೇಡ, ಜಾಸ್ತಿ ಹಾರು."

"ನೀನು ಹಾರೇ ಇಲ್ಲ ತಾತ."

"ಹಾರಿದೆ. ನೀನು ಕಣ್ಣು ಮಿಟುಕಿಸಿದೆ."

ನವೆಂಬರ್ ಮೊದಲ ವಾರ ಟೇಕ್ವಾಂಡೊ ಶಾಲೆಯಿಂದ ಬಂದ ದಾಸೊಮ್ ಮೆಟ್ಟಿಲಿನಿಂದಲೇ ಕೂಗಿದಳು. "ಎಂಟನೇದು ಒಂಚೂರೂ ತಪ್ಪಿಲ್ಲ ಅಂದ್ರು ಮಾಸ್ಟರ್. ಯಾರು ಕಲಿಸಿದ್ದು ಅಂದ್ರು. ನಮ್ಮ ತಾತ, ಸೈನ್ಯದಲ್ಲಿ ಮುನ್ನೂರು ಜನಕ್ಕೆ ಕಲಿಸಿದಾರೆ ಅಂದೆ. ಮನೆಯವರನ್ನೆಲ್ಲ ಕರೆಯೋ ಕುಟುಂಬದ ದಿನ ನೀನೂ ನಾನೂ ಎಲ್ಲರ ಮುಂದೆ ಮಾಡ್ಬೇಕಂತೆ."

ಮನ್‌ಸೋಕ್ ಕೈಯಲ್ಲಿದ್ದ ಬಾರ್ಲಿ ನೀರು ಅಂಗಿಯ ಮೇಲೆ ಚೆಲ್ಲಿಕೊಂಡ. "ನನ್ನ ಮಂಡಿ..."

"ಮಂಡಿಗೆ ಏನೂ ಆಗಿಲ್ಲ," ಎಂದಳು ಜೊಮ್‌ರೆ. "ನಿನ್ನೆ ತಾನೆ ಎರಡೆರಡು ಮೆಟ್ಟಿಲು ಹತ್ತಿಕೊಂಡು ಬಂದ್ರಿ."

"ನೀನು ಬರ್ಲಿಲ್ಲ ಅಂದ್ರೆ ನಾನು ಸುಳ್ಳು ಹೇಳಿದೆ ಅಂದ್ಕೋತಾರೆ ತಾತ," ಎಂದಳು ದಾಸೊಮ್. ಆ ಮಾತು ಅವನಿಗೆ ನಾಟಿತು.

ಕುಟುಂಬದ ದಿನ ಟೇಕ್ವಾಂಡೊ ಶಾಲೆ ಗಿಜಿಗುಟ್ಟುತ್ತಿತ್ತು. ಒಂದು ಬದಿಯ ತಗ್ಗು ಮೇಜಿನ ಮೇಲೆ ಅಕ್ಕಿ ಕಡುಬು, ಕಿತ್ತಳೆ ರಸ, ಬೆತ್ತದ ಬುಟ್ಟಿಯಲ್ಲಿ ಮುಟ್ಟಿದರೆ ಒಡೆಯುವಷ್ಟು ಕಳಿತ ಕೆಂಪು ಪರ್ಸಿಮನ್ ಹಣ್ಣು. ಗ್ವಾಕ್ ಮಾಸ್ಟರ್, ಮೂವತ್ತೆರಡರ ತರುಣ, ಎರಡು ಕೈಯಲ್ಲಿ ಮನ್‌ಸೋಕನ ಕೈ ಹಿಡಿದು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ಎರವಲು ತಂದ ಬಿಳಿ ಉಡುಪಿನಲ್ಲಿ ಮನ್‌ಸೋಕ್ ಮೊಮ್ಮಗಳ ಪಕ್ಕ ನಿಂತ. ಇಬ್ಬರೂ ಜನರ ಕಡೆ ಮುಖ ಮಾಡಿ ಅಕ್ಕಪಕ್ಕ ನಿಂತದ್ದು ಅದೇ ಮೊದಲು.

"ಶುರು," ಎಂದ ಮಾಸ್ಟರ್.

ದಾಸೊಮ್ ಎಡಗಾಲು ಇಟ್ಟಳು. ತಾತ ಬಲಗಾಲು ಇಟ್ಟ. ಜನ ಗಮನಿಸಲಿಲ್ಲ. ದಾಸೊಮ್ ಹಾರಿ ಒದೆದಳು, ತಾತ ಹಾರಿದ ಹಾಗೆ ಮಾಡಿದ, ಚಪ್ಪಾಳೆ ಬಿತ್ತು. ಆಮೇಲೆ ತಿರುವು ಬಂತು. ಅವಳು ಇತ್ತ ತಿರುಗಿದಳು, ಇವನು ಅತ್ತ ತಿರುಗಿದ. ಅವಳು ರಭಸದಿಂದ ಮುಂದೆ ನುಗ್ಗಿದಳು, ಇವನೂ ನುಗ್ಗಿದ. ಮೊಮ್ಮಗಳ ಹಣೆ ತಾತನ ಹೊಟ್ಟೆಗೆ ಬಡಿಯಿತು. ತಾತ ಮೂರು ಹೆಜ್ಜೆ ಹಿಂದೆ ತೂರಾಡಿ ಸೀದಾ ಪರ್ಸಿಮನ್ ಬುಟ್ಟಿಯಲ್ಲಿ ಕೂತ.

ಹಿಂದಿನ ಸಾಲಿನ ಒಬ್ಬ ಮುದುಕಿ ಕಿಸಕ್ಕೆಂದಳು, ಮುಂದಿನದನ್ನು ಹೇಳಬೇಕಾಗಿಲ್ಲ. ಗಿತೆಯೇ ಗೋಡೆಗೆ ಮುಖ ಮಾಡಿ ಭುಜ ಕುಲುಕಿಸುತ್ತಿದ್ದ. ಗ್ವಾಕ್ ಮಾಸ್ಟರ್ ಓಡಿಬಂದು ಎಬ್ಬಿಸಿದ. ಹಿರಿಯನ ಮಾನ ಉಳಿಸಬೇಕೆಂದು ಹೇಳಿದ, "ನಿಮ್ಮ ಕಾಲದ ಸೈನ್ಯದಲ್ಲಿ ಬೇರೆ ಕಡೆಯಿಂದ ಶುರು ಮಾಡ್ತಿದ್ರೇನೋ ಅಲ್ವಾ ತಾತ?"

ಮನ್‌ಸೋಕ್ ಮುಳುಗುವವನು ಹಗ್ಗ ಹಿಡಿದಂತೆ ಆ ಮಾತು ಹಿಡಿದುಕೊಂಡ. "ಹೌದು. ಸೈನ್ಯದಲ್ಲಿ ಬಲದಿಂದ. ಅದೇ ಮೂಲ ಕ್ರಮ."

ಅಷ್ಟು ಹೇಳಿ ಬೆನ್ನ ಹಿಂದೆ ಹಣ್ಣಿನ ರಸ ತೊಟ್ಟಿಕ್ಕಿಸುತ್ತ, ತಲೆಯೆತ್ತಿ ನಡೆದು ಹೋದ. ಆದರೆ ದಾಸೊಮ್ ನಗುತ್ತಿರಲಿಲ್ಲ. ಅವಳು ತನ್ನ ಕಾಲುಗಳನ್ನೇ ನೋಡಿಕೊಳ್ಳುತ್ತಿದ್ದಳು.

ಅಂದಿನಿಂದ ಹುಡುಗಿ ವರಸೆಯನ್ನು ಉಲ್ಟಾ ಮಾಡತೊಡಗಿದಳು. ಹಲ್ಲುಜ್ಜುವಾಗ ಬಲಗಾಲು, ಶೂ ಹಾಕುವಾಗ ಬಲಗಾಲು. ಅರ್ಧಕ್ಕೆ ಹಳೆಯ ಅಭ್ಯಾಸ ಎಳೆದು ಎಡಕ್ಕೆ ಹೋಗುವಳು, ನಿಲ್ಲುವಳು, ತಲೆ ಕೆರೆದುಕೊಳ್ಳುವಳು. ಗುರುವಾರ ಗ್ವಾಕ್ ಮಾಸ್ಟರ್ ಫೋನ್ ಮಾಡಿದ.

"ಮಾವ, ಎಂಟನೇದು ಪೂರ್ತಿ ಕಲಸಿಹೋಗಿದೆಯಂತೆ," ಎಂದಳು ಮಿರಾನ್, ಕತ್ತರಿ ಕೈಯಲ್ಲೇ ಹಿಡಿದು ಮೇಲೆ ಬಂದು. "ಪರೀಕ್ಷೆಗೆ ಒಂಬತ್ತೇ ದಿನ. ಹೀಗಾದ್ರೆ ಫೇಲೇ ಅಂತೆ. ನನಗೇನೂ ನಷ್ಟ ಇಲ್ಲ, ಮಾತು ಮಾತೇ."

ಮನ್‌ಸೋಕ್ ಮೊಮ್ಮಗಳನ್ನು ಪಕ್ಕಕ್ಕೆ ಕರೆದ. "ಪುಟ್ಟಿ, ಮಾಸ್ಟರ್ ಹೇಳಿದ ಹಾಗೆ ಎಡದಿಂದಲೇ ಮಾಡು."

"ಮಾಸ್ಟರ್‌ಗೆ ಮೂವತ್ತೆರಡು ವರ್ಷ ತಾತ. ನೀನು ಮುನ್ನೂರು ಜನಕ್ಕೆ ಕಲಿಸಿದೋನು. ನೀನೇ ಮೂಲ ಕ್ರಮ ಅಂದೆಯಲ್ಲ."

"ಪರೀಕ್ಷೆಗೆ ಮಾತ್ರ ಎಡದಿಂದ ಮಾಡು."

"ಸುಳ್ಳು ಸುಳ್ಳೇ ಮಾಡಿ ಪಟ್ಟಿ ತಗೊಳ್ಳೋದಾ? ನೀನಾಗಿದ್ರೆ ತಗೋತಿದ್ಯಾ?"

ಮನ್‌ಸೋಕ್ ಮೆಟ್ಟಿಲು ಹತ್ತಿದ. ತಾರಸಿಗೆ ಹೋಗಿ ಗಡಿಗೆಯಿಂದ ಪುಸ್ತಕ ತೆಗೆದ, ಮೊದಲ ಬಾರಿಗೆ ಕನ್ನಡಕ ಹಾಕಿದ. ಮೊದಲ ಚಿತ್ರದ ಕೆಳಗೇ ಬರೆದಿತ್ತು: ಎಡಗಾಲು ಮುಂದೆ. ಮೀಸೆಯವನು ಎದುರಿಗೆ ಮುಖ ಮಾಡಿ ನಿಂತಿದ್ದಾನೆ. ಅವನ ಎಡ ನೋಡುವವನ ಬಲ. ತಾನು ಆರು ವಾರ ಇಡೀ ವರಸೆಯನ್ನು ಕನ್ನಡಿಯಂತೆ ತಿರುಗಾಮುರುಗಾ ಮಾಡಿದ್ದ. ಮಗು ತನ್ನ ಎದುರು ನಿಂತು ಅದನ್ನು ಮತ್ತೊಮ್ಮೆ ತಿರುಗಿಸಿಕೊಂಡಿತ್ತು, ಹಾಗಾಗಿ ಅವಳದು ಸರಿಯಾಗಿತ್ತು. ತಪ್ಪು ಮೇಷ್ಟ್ರಿಂದ ಸರಿಯಾಗಿ ಕಲಿತವಳನ್ನು ಮೇಷ್ಟ್ರೇ ಕೆಡಿಸಿದ್ದ. ಮುದುಕ ಗಡಿಗೆಯ ಪಕ್ಕ ಕೂತುಬಿಟ್ಟ. ಹೇಳಬೇಕು. ಹೇಳಿದರೆ ಆ ಮಗುವಿನ ಕಣ್ಣಲ್ಲಿ ತಾನು ಯಾರೂ ಅಲ್ಲ. ಹೇಳದಿದ್ದರೆ ಅವಳ ಬಿಳಿ ಬಟ್ಟೆ ಬೀರು ಸೇರುತ್ತದೆ.

ಶನಿವಾರ ಚಳಿಗಾಲದ ಕಿಮ್ಚಿ ಹಾಕುವ ದಿನ. ಎಂಭತ್ತು ಎಲೆಕೋಸು ಉಪ್ಪಿನಲ್ಲಿ ನೆಂದು ಮೆತ್ತಗಾಗಿದ್ದವು. ಮನೆಯ ನಡುವೆ ನೀಲಿ ತಾಡಪಾಲು ಹಾಸಿ, ಕೆಂಪು ರಬ್ಬರ್ ಕೈಗವಸು ತೊಟ್ಟು ಜೊಮ್‌ರೆ ಖಾರ ಕಲಸುತ್ತಿದ್ದಳು. ಮಿರಾನ್ ಮೂಲಂಗಿ ಹೆಚ್ಚುತ್ತಿದ್ದಳು. ಮೂವತ್ತು ಮೂಲಂಗಿಯ ರಾಶಿಯಲ್ಲಿ ಒಂದು ಗಂಟೆಗೆ ನಾಲ್ಕು ಕರಗಿದ್ದವು. ಗಿತೆ ಎಲೆಕೋಸಿನ ನೀರು ಹಿಂಡುತ್ತ ಬೈಸಿಕೊಳ್ಳುತ್ತಿದ್ದ. ಮೂಲೆಯಲ್ಲಿ ದಾಸೊಮ್ ಬಲಗಾಲು ಮುಂದಿಟ್ಟು, ತಿರುಗಿ, ತಪ್ಪಿ, ಮತ್ತೆ ಮೊದಲಿನಿಂದ ಮಾಡುತ್ತಿದ್ದಳು.

ಮನ್‌ಸೋಕ್ ಪ್ರತಿ ವರ್ಷದಂತೆ ಟಿ.ವಿ. ಮುಂದೆ ಕೂತಿದ್ದ. ಏಳನೆಯ ಸಲ ದಾಸೊಮ್ ತಪ್ಪಿದಾಗ ಅವನು ಎದ್ದ. ಅಂಗಿಯ ತೋಳು ಮಡಚಿದ. ಮಿರಾನ್‌ಳ ಎದುರು ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ.

"ಚಾಕು ಕೊಡಮ್ಮ."

"ಕೈ ಕುಯ್ದುಕೋತೀರ ಮಾವ."

ಅವನು ಚಾಕು ತೆಗೆದುಕೊಂಡ, ಹೆಬ್ಬೆರಳಿನಿಂದ ಅದರ ಅಲಗು ಸವರಿದ, ಒಂದು ಮೂಲಂಗಿಯನ್ನು ಹಲಗೆಯ ಮೇಲೆ ಅಡ್ಡ ಮಲಗಿಸಿದ. ಆಮೇಲೆ ಕೇಳಿದ್ದು ಟಕಟಕ ಸದ್ದು ಮಾತ್ರ. ಮೂಲಂಗಿ ಬಿಲ್ಲೆಯಾಯಿತು, ಬಿಲ್ಲೆಗಳು ಬೆಂಕಿಕಡ್ಡಿಯಷ್ಟು ಸಣ್ಣ ಎಳೆಗಳಾಗಿ, ಎಲ್ಲ ಒಂದೇ ಅಳತೆಗೆ ಬಿದ್ದವು. ಅವನು ಚಾಕುವನ್ನು ನೋಡುತ್ತಲೂ ಇರಲಿಲ್ಲ. ಎರಡು, ಮೂರು, ಐದು ಮೂಲಂಗಿ. ಗಿತೆ ಎಲೆಕೋಸು ಹಿಡಿದಲ್ಲೇ ನಿಂತ. ದಾಸೊಮ್ ಒಂದು ಕಾಲು ಮೇಲೆತ್ತಿಕೊಂಡೇ ಹತ್ತಿರ ಬಂದಳು.

"ಮಾವ," ಎಂದಳು ಮಿರಾನ್ ಮೆಲ್ಲಗೆ, "ಇದನ್ನ ಎಲ್ಲಿ ಕಲಿತ್ರಿ?"

"ಸೈನ್ಯದಲ್ಲಿ."

"ಮತ್ತೆ ಟೇಕ್ವಾಂಡೊ?" ಎಂದಳು ದಾಸೊಮ್.

"ಅದು ಮೊನ್ನೆ ಅಕ್ಟೋಬರ್‌ನಲ್ಲಿ. ತಾರಸಿ ಮೇಲೆ, ಪುಸ್ತಕ ನೋಡ್ಕೊಂಡು. ಅದನ್ನೂ ಉಲ್ಟಾ ನೋಡ್ಕೊಂಡೆ ಪುಟ್ಟಿ. ಸೈನ್ಯದ ಕ್ರಮ ಅಂತ ಯಾವುದೂ ಇಲ್ಲ. ಎಡದಿಂದ ಮಾಡೋದೇ ಸರಿ. ನೀನು ಮೊದಲು ಮಾಡ್ತಿದ್ದದ್ದೇ ಸರಿ."

"ಮುನ್ನೂರು ಜನ?"

"ಮೂರು ಹೊತ್ತೂ ಉಣ್ಣಿಸಿದೀನಿ. ಒಬ್ಬನೂ ಹಸಿದು ಮಲಗಿಲ್ಲ." ಅವನ ಕಣ್ಣು ಒದ್ದೆಯಾಗಿತ್ತು. ಮೂಲಂಗಿ ಹೆಚ್ಚಿದರೆ ಕಣ್ಣಲ್ಲಿ ನೀರು ಬರುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ನಲವತ್ತೇಳು ವರ್ಷ ಅಮ್ಮಂಗೆ ಸುಳ್ಳು ಹೇಳ್ಕೊಂಡು ಬಂದ್ಯಾ ಅಪ್ಪ?" ಎಂದ ಗಿತೆ.

ಜೊಮ್‌ರೆ ಖಾರ ಕಲಸುವುದನ್ನು ನಿಲ್ಲಿಸಲಿಲ್ಲ. "ನಾನು ನಂಬಿದ್ದು ಎರಡೇ ವರ್ಷ. ನೀನು ಹುಟ್ಟಿದಾಗ ಬಾಣಂತಿಗೆ ಅಂತ ಕಡಲಪಾಚಿ ಸಾರು ಬಂತು, ಸ್ನಾನ ಮಾಡೋವಷ್ಟು ದೊಡ್ಡ ಪಾತ್ರೇಲಿ. ಪಕ್ಕದ ಮನೆಯವಳು ಕೊಟ್ಟಳು ಅಂದ್ರು ಇವರು. ಆಗ ಪಕ್ಕದ ಮನೆ ಖಾಲಿ ಇತ್ತು."

ಮನ್‌ಸೋಕನ ಚಾಕು ನಿಂತಿತು. "ಗೊತ್ತಿತ್ತಾ ನಿನಗೆ?"

"ಅಷ್ಟು ರುಚಿಯಾದ ಸಾರು ನಾನು ಆಮೇಲೆ ಕುಡಿದೇ ಇಲ್ಲ. ಇನ್ನೊಂದು ಸಲ ಮಾಡ್ತಾರೇನೋ ಅಂತ ಕಾಯ್ದೆ. ಟೇಕ್ವಾಂಡೊ ಅಡ್ಡ ಬರ್ತಿತ್ತು. ಕನ್ನಡಕನೂ ತಂದಿಟ್ಟೆ, ಹಾಕ್ಕೊಳ್ಳಲಿಲ್ಲ. ಇನ್ನೂ ಇಪ್ಪತ್ತು ಮೂಲಂಗಿ ಇದೆ, ಹೆಚ್ಚಿ."

ಮನ್‌ಸೋಕ್ ತಲೆ ತಗ್ಗಿಸಿ ಹೆಚ್ಚಿದ. ದಾಸೊಮ್ ತಾತನ ಪಕ್ಕ ಕೂತು ಒಂದು ಮೂಲಂಗಿ ಎಳೆ ಬಾಯಿಗೆ ಹಾಕಿಕೊಂಡಳು. ಕೊನೆಗೆ ಎದ್ದು ಮೂಲೆಗೆ ಹೋಗಿ ಎಡಗಾಲು ಮುಂದಿಟ್ಟಳು. ತಿರುವಿನಲ್ಲಿ ಎಡವಲಿಲ್ಲ.

ಡಿಸೆಂಬರ್ ಮೊದಲ ಶನಿವಾರ ಪರೀಕ್ಷೆ. ಗ್ಯಾಲರಿಯಲ್ಲಿ ಕೂತ ಮನ್‌ಸೋಕನ ಎರಡೂ ಕೈ ಅವನಿಗೆ ತಿಳಿಯದೆ ವರಸೆಯನ್ನು ಉಲ್ಟಾ ಆಡುತ್ತಿದ್ದವು. ಜೊಮ್‌ರೆ ಅವನ್ನು ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. "ಸುಮ್ನಿರಿ, ಮಗು ನೋಡಿಬಿಟ್ಟೀತು." ಮಗು ನೋಡಲಿಲ್ಲ. ಪಾಸಾದವರ ಪಟ್ಟಿಯಲ್ಲಿ ದಾಸೊಮ್ ಹೆಸರು ಒಂಬತ್ತನೆಯದಾಗಿತ್ತು. ಮಿರಾನ್ ಅದನ್ನು ಎರಡು ಸಲ ಓದಿ, "ಮಾತು ಮಾತೇ," ಎಂದಳು. ಆಮೇಲೆ ಶೌಚಾಲಯಕ್ಕೆ ಹೋಗಿಬಂದಳು, ಮೂಗು ಕೆಂಪಾಗಿತ್ತು.

ಅಂದು ಮನ್‌ಸೋಕ್ ಕಡಲಪಾಚಿ ಸಾರು ಮಾಡಿದ. ಕಡಿಮೆ ಜನಕ್ಕೆ ಮಾಡುವುದು ಅವನಿಗೆ ಬರುತ್ತಿರಲಿಲ್ಲ. ಮೂರು ದಿನ ಮನೆಯವರು ಕುಡಿದರು, ಕೆಳಗೆ ಕೂದಲು ಗುಂಗುರು ಮಾಡಿಸಲು ಬಂದ ಮುದುಕಿಯರೆಲ್ಲ ಕುಡಿದರು, ಗ್ವಾಕ್ ಮಾಸ್ಟರ್‌ಗೂ ಒಂದು ಪಾತ್ರೆ ಹೋಯಿತು. ಜೊಮ್‌ರೆ ಮಾತ್ರ ಮೂರು ದಿನವೂ ಎರಡೆರಡು ಬಟ್ಟಲು ಕುಡಿದಳು.

ನಾಲ್ಕನೆಯ ದಿನ ಬೆಳಗ್ಗೆ, ಶಾಲೆಗೆ ಹೊರಡುವ ಮುಂಚೆ, ದಾಸೊಮ್ ತಾತನನ್ನು ತಾರಸಿಗೆ ಎಳೆದುಕೊಂಡು ಹೋದಳು. ಸೊಂಟಕ್ಕೆ ಹೊಸ ಕೆಂಪು-ಕಪ್ಪು ಪಟ್ಟಿ ಬಿಗಿದಿದ್ದಳು. ಗಡಿಗೆಗಳ ಮೇಲೆ ತೆಳ್ಳಗೆ ಹಿಮ ಕೂತಿತ್ತು. ಮನ್‌ಸೋಕ್ ಅಭ್ಯಾಸಬಲದಿಂದ ಅವಳ ಮುಖಕ್ಕೆ ಮುಖ ಕೊಟ್ಟು ನಿಂತ.

"ಹಾಗಲ್ಲ," ಎಂದಳು ದಾಸೊಮ್. ಅವನ ಭುಜ ಹಿಡಿದು ತನ್ನ ಹಿಂದೆ ತಂದು ನಿಲ್ಲಿಸಿದಳು. ತಾನು ಬೆನ್ನು ತೋರಿಸಿ ಮುಂದೆ ನಿಂತಳು.

"ನಾನು ಯಾವ ಕಾಲು ಇಡ್ತೀನೋ ಅದೇ ಇಡು ತಾತ. ಮುಂದಿನ ವರ್ಷ ಕುಟುಂಬದ ದಿನ ಇದೆ."

ಮುದುಕ ಅವಳ ಬೆನ್ನನ್ನೇ ನೋಡುತ್ತ, ಒಂದು ಗಳಿಗೆ ಯೋಚಿಸಿ, ಎಡಗಾಲು ಮುಂದಿಟ್ಟ.